ಯಾವ ಕಟ್ಟಳೆಯಲ್ಲಿ ಆಡೋಣ?

ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 15 ಕಿಲೋಮೀಟರು ಸಾಗಿದರೆ ಸಿಕ್ಕುವ ನಮ್ಮ ಇಲವಾಲದಲ್ಲಿ, ನಾನು ಹುಡುಗನಾಗಿದ್ದಾಗ, ಮಧ್ಯಾಹ್ನದ ಊಟ ಮುಗಿದು ಪಾತ್ರೆಗಳ ಸದ್ದಡಗಿದ ಮೇಲೆ ಜಗಲಿಯ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆಗಳನ್ನು ಬರೆದುಕೊಂಡು ಎದುರುಬದುರು ಕುಳಿತುಕೊಳ್ಳುತ್ತಿದ್ದ ಹೆಂಗಸರು, ಕವಡೆಗಳನ್ನು ಕೈಗೆತ್ತಿಕೊಳ್ಳುವುದಕ್ಕೆ ಮುಂಚೆ, ಹೊಸದಾಗಿ ಬಂದು ಕುಳಿತವರನ್ನು ತಪ್ಪದೆ ಕೇಳುತ್ತಿದ್ದ ಮಾತೊಂದಿದ್ದಿತು: "ನಿಮ್ಮ ಕಡೆ ಹೇಗೆ ಆಡ್ತೀರಿ?" ಮನೆಗಳು ಎಲ್ಲರಿಗೂ 25, ಕವಡೆಗಳು ನಾಲ್ಕು, ನಾಲ್ಕೂ ಅಂಗಾತ ಬಿದ್ದರೆ ಚೌಕ, ಎಂದರೆ 4, ನಾಲ್ಕೂ ಬೋರಲಾದರೆ ಬಾರ, ಎಂದರೆ 8. ಇಷ್ಟರಲ್ಲಿ ಭೇದವಿರಲಿಲ್ಲ. ಆದರೆ ಚೌಕ ಬಿದ್ದವರಿಗೆ ಇನ್ನೊಂದು ಗರವುಂಟೆ, ಮೂರು ಸಲ ಒಂದೇ ಸಮನೆ ಬಿದ್ದರೆ ಮೂರೂ ಸುಟ್ಟುಹೋಗುವುವೆ, ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಇಳಿಯಬಹುದೆ, ಜೋಡಿ ಕಾಯನ್ನು ಒಂಟಿ ಕಾಯಿ ಕಡಿಯಬಹುದೆ ಎಂಬ ಪ್ರಶ್ನೆಗಳಿಗೆ ಊರಿಗೊಂದು, ಕೆಲವೊಮ್ಮೆ ಬೀದಿಗೊಂದು ಉತ್ತರವಿರುತ್ತಿದ್ದಿತು; ಮದುವೆಯಾಗಿ ಬಂದ ಸೊಸೆ ತನ್ನ ತವರಿನ ಕಟ್ಟಳೆಯನ್ನೂ ಜೊತೆಗೆ ತಂದಿರುತ್ತಿದ್ದಳು. ಈ ವ್ಯಾಜ್ಯಗಳನ್ನು ತೀರ್ಮಾನಿಸುವ ಪುಸ್ತಕವೊಂದು ಎಲ್ಲಿಯೋ ಇರಬಹುದೆಂದು ಯಾರಿಗೂ ತೋರಿರಲಿಲ್ಲ.

ಪುಸ್ತಕವಿದ್ದರೆ ವ್ಯಾಜ್ಯ ತೀರುವುದೆಂಬ ನನ್ನ ನಂಬಿಕೆ ಕೆಟ್ಟದ್ದು ಕಳೆದ ಬೇಸಗೆಯಲ್ಲಿ. ಬೆಂಗಳೂರಿನಿಂದ ರಜಕ್ಕೆ ಬಂದ ನನ್ನ ತಂಗಿಯ ಮೊಮ್ಮಗನು ತನ್ನ ಚೀಲದಿಂದ ಎರಡು ಭಾರಿ ಪುಸ್ತಕಗಳನ್ನು ತೆಗೆದು ನನ್ನ ಮುಂದಿರಿಸಿದನು. ಎರಡರ ಹೆಸರೂ ಒಂದೇ. ಒಂದು 2014ರಲ್ಲಿ ಅಚ್ಚಾದದ್ದು, 320 ಪುಟ. ಇನ್ನೊಂದು 2024ರದು, 384 ಪುಟ. ಅವನ ಗೆಳೆಯರ ಕೂಟದಲ್ಲಿ ಅರ್ಧ ಮಂದಿ ಹಳೆಯದರಲ್ಲಿಯೇ ಆಡೋಣವೆಂದೂ ಉಳಿದವರು ಹೊಸದಕ್ಕೆ ಹೋಗೋಣವೆಂದೂ ಹಟ ಹಿಡಿದು, ಮೂರು ವಾರದಿಂದ ಆಟವೇ ನಿಂತುಹೋಗಿದ್ದಿತಂತೆ. "ತಾತ, ನೀವೇ ಹೇಳಿ, ಯಾವುದು ಸರಿ?" ಎಂದನು. ನಿವೃತ್ತರ ಮುಂದೆ ಇಂತಹ ಪ್ರಶ್ನೆಯನ್ನು ಇಡಬಾರದು. ಅವರ ಬಳಿ ಕಾಲ ಧಾರಾಳವಾಗಿರುತ್ತದೆ. ನಾನು ಎರಡನ್ನೂ ಓದಿದೆನು. ಅವುಗಳ ಹಿಂದಿನವನ್ನು ಕುರಿತೂ ಓದಿದೆನು. ಕಡೆಗೆ ಆಡಿಯೂ ನೋಡಿದೆನು.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಇದನ್ನು ಕಾಣದವರಿಗೆ ವಿವರಿಸುವುದಕ್ಕೆ ನಮ್ಮ ತಾಳಮದ್ದಳೆಗಿಂತ ಹತ್ತಿರದ ಉಪಮಾನ ನನಗೆ ತೋರದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಸಾಲಾಗಿ ಕುಳಿತು, ಭಾಗವತರು ಹಾಡಿದ ಪದ್ಯವನ್ನು ಹಿಡಿದು ತಮ್ಮ ತಮ್ಮ ಪಾತ್ರದ ಮಾತನ್ನು ಆ ಕ್ಷಣದಲ್ಲಿ ಕಟ್ಟುತ್ತಾರೆ. ಈ ಆಟದಲ್ಲಿಯೂ ಹಾಗೆಯೇ ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬನು ಯೋಧ, ಒಬ್ಬಳು ಮಾಂತ್ರಿಕಳು, ಮತ್ತೊಬ್ಬನು ದೇವರ ಪೂಜಾರಿ ಎಂದು ಪಾತ್ರಗಳನ್ನು ವಹಿಸಿಕೊಂಡು, 'ನಾನು ಬಾಗಿಲಿಗೆ ಕಿವಿಗೊಡುತ್ತೇನೆ', 'ನಾನು ದೀಪವನ್ನು ಆರಿಸುತ್ತೇನೆ' ಎಂದು ಬಾಯಿಮಾತಿನಲ್ಲಿಯೇ ಸಾಹಸಮಾಡುತ್ತಾರೆ. ಡಂಜನ್ ಮಾಸ್ಟರ್ ಎನ್ನಿಸಿಕೊಳ್ಳುವ ಮಧ್ಯಸ್ಥನೊಬ್ಬನು ಭಾಗವತರ ಸ್ಥಾನದಲ್ಲಿ ಕುಳಿತು, ಬಾಗಿಲ ಆಚೆ ಏನಿದೆಯೆಂಬುದನ್ನು ಹೇಳುತ್ತಾನೆ. ಭೇದವಿರುವುದು ಒಂದೆಡೆ. ತಾಳಮದ್ದಳೆಯ ಕರ್ಣನು ಎಷ್ಟೇ ಚೆನ್ನಾಗಿ ವಾದಿಸಿದರೂ ಪ್ರಸಂಗದ ಕೊನೆಗೆ ಸಾಯಲೇಬೇಕು. ಇಲ್ಲಿಯ ಕರ್ಣನ ಅದೃಷ್ಟವನ್ನು ಇಪ್ಪತ್ತು ಮುಖದ ದಾಳವೊಂದು ನಿರ್ಣಯಿಸುತ್ತದೆ. ಆ ದಾಳವನ್ನು ಯಾವಾಗ ಉರುಳಿಸಬೇಕು, ಬಿದ್ದ ಅಂಕಕ್ಕೆ ಏನನ್ನು ಕೂಡಿಸಬೇಕು, ಯಾವುದನ್ನು ದಾಳಕ್ಕೆ ಬಿಡದೆ ಮಾತಿಗೆ ಬಿಡಬೇಕು ಎಂಬುದನ್ನು ಹೇಳುವುದೇ ನಿಯಮಗಳ ಪುಸ್ತಕ. ಆ ಪುಸ್ತಕವೇ ಐವತ್ತು ವರ್ಷಗಳಲ್ಲಿ ಮತ್ತೆ ಮತ್ತೆ ಬದಲಾಗಿದೆ.

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಇದನ್ನು ಮೊದಲು ಹೊರತಂದಾಗ, ಅದು ಒಂದು ಪೆಟ್ಟಿಗೆಯೊಳಗಿನ ಮೂರು ಕಿರುಹೊತ್ತಗೆಗಳಾಗಿದ್ದಿತು. ಅಚ್ಚಾದದ್ದು 1,000 ಪ್ರತಿ. ಸೈನ್ಯಗಳ ಬೊಂಬೆಯಾಟವನ್ನು ಆಡುತ್ತಿದ್ದವರಿಗಾಗಿ ಬರೆದುದಾದ್ದರಿಂದ, ಅವರಿಗೆ ಗೊತ್ತಿರುವುದನ್ನು ಹೇಳುವ ಗೋಜಿಗೆ ಅದು ಹೋಗಿರಲಿಲ್ಲ. ಅರ್ಥವಾಗದೆ ಉಳಿದುದನ್ನು ಓದಿದವರು ತಮಗೆ ತೋರಿದಂತೆ ತುಂಬಿಕೊಂಡರು. ಎಂದರೆ, ಪುಸ್ತಕವಿದ್ದೂ ಅದು ಜಗಲಿಯ ಚೌಕಾಬಾರದ ಸ್ಥಿತಿಯಲ್ಲಿಯೇ ಇದ್ದಿತು. ಮುಂದೆ 1977ರಿಂದ ಎರಡು ಕವಲುಗಳಾದುವು: ಹೊಸಬರಿಗಾಗಿ 'ಬೇಸಿಕ್' ಎಂಬ ಸರಳ ಪಾಠ, ಪಳಗಿದವರಿಗಾಗಿ 'ಅಡ್ವಾನ್ಸ್ಡ್' ಎಂಬ ವಿಸ್ತೃತ ಪಾಠ. ಬೇಸಿಕ್‌ನ 1981ರ ಪರಿಷ್ಕರಣದ ಪುಸ್ತಕವು 64 ಪುಟಗಳದು. ಅಷ್ಟು ಮಿತವಾಗಿಯೂ ಅಷ್ಟು ವಿಶದವಾಗಿಯೂ ಬರೆದ ನಿಯಮಗ್ರಂಥವನ್ನು ನಾನು ಬೇರೆ ಕಂಡಿಲ್ಲ. ಅಡ್ವಾನ್ಸ್ಡ್ ಕವಲಿನ ಎರಡನೆಯ ಆವೃತ್ತಿ 1989ರಲ್ಲಿ ಬಂದಿತು. ಮೂಲ ಸಂಸ್ಥೆಯು ಸಾಲದಲ್ಲಿ ಮುಳುಗಿ 1997ರಲ್ಲಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಸಂಸ್ಥೆಯ ಕೈಸೇರಿದ ಮೇಲೆ, 2000ದಲ್ಲಿ ಮೂರನೆಯದು, 2003ರಲ್ಲಿ ಅದರದೇ ತಿದ್ದುಪಡಿಯಾದ ಮೂರೂವರೆ, 2008ರಲ್ಲಿ ನಾಲ್ಕನೆಯದು, 2014ರಲ್ಲಿ ಐದನೆಯದು ಹೊರಬಂದುವು. ಈ ಐದನೆಯದನ್ನು ತಿದ್ದಿ ಬರೆದದ್ದೇ ಹುಡುಗನ ಚೀಲದಲ್ಲಿದ್ದ 2024ರ ಗ್ರಂಥ.

ಇಷ್ಟು ಆವೃತ್ತಿಗಳಲ್ಲಿ ಬದಲಾದದ್ದಾದರೂ ಏನು? ಒಂದು ಪ್ರಸಂಗವನ್ನು ತೆಗೆದುಕೊಳ್ಳೋಣ. ಪಾಳುಗುಡಿಯ ಓಣಿಯಲ್ಲಿ ನಡೆಯುತ್ತಿದ್ದೀರಿ. ನೆಲದ ಕಲ್ಲೊಂದು ಸಡಿಲವಾಗಿದ್ದು, ತುಳಿದವರ ಮೇಲೆ ಗೋಡೆಯಿಂದ ಈಟಿ ಹಾರುವಂತೆ ಮಾಡಿಟ್ಟಿದ್ದಾರೆ. ಹಳೆಯ ಬೇಸಿಕ್‌ನಲ್ಲಿ ಆಡುವವರು, 'ನಾನು ಕೋಲಿನಿಂದ ಒಂದೊಂದೇ ಕಲ್ಲನ್ನು ಕುಟ್ಟಿ ನೋಡುತ್ತ ಮುಂದುವರಿಯುತ್ತೇನೆ' ಎಂದರೆ, ಮಧ್ಯಸ್ಥನು ಅದನ್ನು ಕೇಳಿ, ದಾಳದ ಹಂಗಿಲ್ಲದೆಯೇ, 'ಈ ಕಲ್ಲು ಪೊಳ್ಳಾಗಿ ಸದ್ದುಮಾಡಿತು' ಎಂದು ಹೇಳಿಬಿಡಬಹುದು. ಮೂರನೆಯ ಆವೃತ್ತಿಯಲ್ಲಿ ಹುಡುಕುವುದು ಒಂದು ಪ್ರತ್ಯೇಕ ವಿದ್ಯೆ. ಅದರಲ್ಲಿ ನಿಮ್ಮ ಪಾತ್ರಕ್ಕೆ ಎಷ್ಟು ಪರಿಶ್ರಮವಿದೆಯೆಂಬ ಅಂಕವು ಕಾಗದದ ಮೇಲೆ ಬರೆದಿರುತ್ತದೆ. ದಾಳ ಉರುಳಿಸಿ, ಅದನ್ನು ಕೂಡಿಸಿ, ಗೊತ್ತುಮಾಡಿದ ಮಟ್ಟವನ್ನು ಮುಟ್ಟಿದರೆ ಕಲ್ಲು ಕಾಣುತ್ತದೆ. ಮೊದಲನೆಯ ಕ್ರಮದಲ್ಲಿ ಜಯಿಸುವವನು ಆಟಗಾರ, ಎರಡನೆಯದರಲ್ಲಿ ಪಾತ್ರ. ಮಾತು ಬಾರದ ಸಂಕೋಚದ ಹುಡುಗನೂ ವಾಚಾಳಿಯಾದ ಅಮಾತ್ಯನ ಪಾತ್ರವನ್ನು ವಹಿಸಬಹುದೆಂಬುದು ಎರಡನೆಯ ಕ್ರಮದ ದೊಡ್ಡ ಉಪಕಾರ. ಬುದ್ಧಿಯನ್ನು ಓಡಿಸುವ ಕಡೆಯಲ್ಲಿ ಕೈ ತಾನಾಗಿ ದಾಳಕ್ಕೆ ಹೋಗುವುದು ಅದರ ಅಪಕಾರ. ಮಿಕ್ಕ ನೂರಾರು ವ್ಯತ್ಯಾಸಗಳೆಲ್ಲ ಈ ಒಂದರ ಮಕ್ಕಳುಮರಿಗಳೆಂದೇ ನನ್ನ ಎಣಿಕೆ: ಯಾವುದನ್ನು ಅಚ್ಚಿನಲ್ಲಿ ಕಟ್ಟಿಡಬೇಕು, ಯಾವುದನ್ನು ಕುಳಿತವರ ವಿವೇಚನೆಗೆ ಬಿಡಬೇಕು.

ಸಾವಿನ ವಿಷಯವೂ ಹಾಗೆಯೇ. ಮೊದಲ ದಿನಗಳಲ್ಲಿ ಪ್ರಾಣಬಲದ ಅಂಕವು ಸೊನ್ನೆಗೆ ಇಳಿದರೆ ಪಾತ್ರವು ಸತ್ತಿತು. ಹೊಸ ಕಾಗದ ತೆಗೆದುಕೊಂಡು ಹೊಸ ಹೆಸರು ಬರೆಯಬೇಕು. ಐದನೆಯ ಆವೃತ್ತಿಯಲ್ಲಿ ಸೊನ್ನೆಗೆ ಇಳಿದವನು ಮೂರ್ಛೆಹೋಗುತ್ತಾನೆ. ತನ್ನ ಸರದಿ ಬಂದಾಗಲೆಲ್ಲ ಇಪ್ಪತ್ತು ಮುಖದ ದಾಳ ಉರುಳಿಸಿ, 10 ಅಥವಾ ಅದಕ್ಕೆ ಮೇಲ್ಪಟ್ಟು ಬಿದ್ದರೆ ಒಂದು ಗೆಲುವು, ಕಡಿಮೆ ಬಿದ್ದರೆ ಒಂದು ಸೋಲು ಎಂದೆಣಿಸಿ, ಮೂರು ಗೆಲುವು ಮೊದಲಾದರೆ ಬದುಕು, ಮೂರು ಸೋಲು ಮೊದಲಾದರೆ ಮರಣ. ಹಳೆಯ ಕಾಲದ ಮಾಂತ್ರಿಕನು ಮೊದಲ ಮೆಟ್ಟಿಲಿನಲ್ಲಿ ದಿನಕ್ಕೊಂದೇ ಮಂತ್ರವನ್ನು ಬಲ್ಲವನಾಗಿ, ಅದನ್ನು ಪ್ರಯೋಗಿಸಿದ ಮೇಲೆ ಉಳಿದವರ ಬೆನ್ನ ಹಿಂದೆ ಅಡಗಿಕೊಂಡಿರುತ್ತಿದ್ದನು. ಈಗಿನವನ ಬತ್ತಳಿಕೆಯಲ್ಲಿ ಎಂದೂ ಬರಿದಾಗದ ಕೆಲವು ಕಿರುಮಂತ್ರಗಳಿರುತ್ತವೆ. ಇದನ್ನು ಕರುಣೆಯೆನ್ನುವವರೂ ಇದ್ದಾರೆ, ಮುದ್ದೆನ್ನುವವರೂ ಇದ್ದಾರೆ.

ಎರಡನೆಯ ಆವೃತ್ತಿಯನ್ನು ದೂರುವವರೆಲ್ಲರೂ ಎತ್ತುವ ಆಕ್ಷೇಪ ಅದರ ತಲೆಕೆಳಗು ಲೆಕ್ಕ. ಅಲ್ಲಿ ಕವಚದ ಅಂಕವು ಕಡಿಮೆಯಾದಷ್ಟೂ ಕವಚವು ಗಟ್ಟಿ. ಹೊಡೆಯುವವನಿಗೆ 16 ಎಂಬ ಅಂಕವಿದ್ದು, ಎದುರಾಳಿಯ ಕವಚ 3 ಆದರೆ, 16ರಿಂದ 3ನ್ನು ಕಳೆದು, ದಾಳದಲ್ಲಿ 13 ಅಥವಾ ಹೆಚ್ಚು ಬೀಳಬೇಕು. ಮೂರನೆಯದು ಇದನ್ನು ತಿರುಗಿಸಿ, ಕವಚ 17, ದಾಳಕ್ಕೆ 4 ಕೂಡಿಸು, 17 ಮುಟ್ಟಿದರೆ ಪೆಟ್ಟು ಎಂದು ಮಾಡಿತು. ಲೆಕ್ಕ ಅದೇ, ಕಳೆಯುವುದರ ಬದಲು ಕೂಡುವುದು. ಕಡಿಮೆಯೇ ಹೆಚ್ಚೆಂಬ ಈ ಎಣಿಕೆಯನ್ನು ಕಂಡು ಅಮೆರಿಕದ ಮಕ್ಕಳು ಬೆದರಿದರೆ ಬೆದರಲಿ, ಮೈಸೂರಿನವರು ಬೆದರಬೇಕಾದ ಕಾರಣವಿಲ್ಲ. ಇಸ್ಪೀಟಿನಂತಹ ನಮ್ಮ ದಶಾವತಾರ ಗಂಜೀಫಾದ 120 ದುಂಡು ಎಲೆಗಳಲ್ಲಿ ಐದು ಅವತಾರಗಳಿಗೆ 10 ದೊಡ್ಡದಾದರೆ, ಉಳಿದ ಐದಕ್ಕೆ 1 ದೊಡ್ಡದು. ಹಗಲಿನಲ್ಲಿ ರಾಮನಿಂದಲೂ ಇರುಳಿನಲ್ಲಿ ಕೃಷ್ಣನಿಂದಲೂ ಆಟವನ್ನು ಆರಂಭಿಸುವ ಪದ್ಧತಿಯನ್ನು ಕಂಡವರು, ನಿಯಮಕ್ಕೆ ಅನುಕೂಲವೊಂದೇ ಗುರಿಯಲ್ಲವೆಂದು ಒಪ್ಪಿಯಾರು.

ಗಂಜೀಫಾದ ಮಾತು ಬಂದುದರಿಂದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ನೆನೆಯದೆ ಮುಂದೆ ಹೋಗಲಾರೆನು. ಒಂದೇ ಆಟವನ್ನು ಮತ್ತೆ ಮತ್ತೆ ತಿದ್ದಿ ಹೊಸ ಆವೃತ್ತಿಗಳನ್ನು ಹೊರಡಿಸುವ ಹಂಬಲವು ಅಮೆರಿಕದವರದೇ ಎಂದು ತಿಳಿದಿರುವವರು, ನಮ್ಮೂರಿಂದ ಒಂದು ಗಂಟೆಯೊಳಗೆ ಮುಟ್ಟಬಹುದಾದ ಅರಮನೆಯಲ್ಲಿ ಕಳೆದ ಶತಮಾನಕ್ಕೂ ಹಿಂದಿನ ಶತಮಾನದಲ್ಲಿ ಏನು ನಡೆಯಿತೆಂಬುದನ್ನು ಕೇಳಬೇಕು. ಬ್ರಿಟಿಷರು 1831ರಲ್ಲಿ ರಾಜ್ಯದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ, 1868ರಲ್ಲಿ ತೀರಿಕೊಳ್ಳುವವರೆಗೂ ಆ ಅರಸರು ಅಧಿಕಾರವಿಲ್ಲದ ಅರಸರಾಗಿದ್ದರು. ರಾಜ್ಯದ ಕಾನೂನು ತಮ್ಮ ಕೈಮೀರಿದುದರಿಂದಲೇ ಆಟದ ಕಾನೂನಿನಲ್ಲಿ ಅಷ್ಟು ಆಸಕ್ತಿ ತಳೆದರೋ ಎಂದು ನನಗೆ ಆಗಾಗ ಅನ್ನಿಸುವುದುಂಟು, ಇದು ಊಹೆಯಷ್ಟೆ. ಕುದುರೆಯು ಚದುರಂಗದ ಪ್ರತಿಯೊಂದು ಮನೆಯನ್ನೂ ಒಂದೊಂದೇ ಸಲ ಮೆಟ್ಟುವಂತೆ ನಡೆಸುವ ಬಂಧಗಳನ್ನು ಅವರು ರಚಿಸಿದರು. ಅವರ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯು ಆಟಗಳಿಗೇ ಮೀಸಲು. ಗಂಜೀಫಾವನ್ನಂತೂ ಅವರು ಹದಿಮೂರು ಬಗೆಯ 'ಛದ'ಗಳಾಗಿ ಬೆಳೆಯಿಸಿದರು; ಚಿಕ್ಕದಕ್ಕೆ 36 ಎಲೆ, ದೊಡ್ಡದಕ್ಕೆ 360.

360 ಎಲೆಗಳನ್ನು ಕೈಯಲ್ಲಿ ಹಂಚಿಕೊಂಡು ಕುಳಿತವರ ಕಷ್ಟವನ್ನು ನೆನೆದುಕೊಳ್ಳಿ. ಆ ಎಲೆಗಳ ಚಿತ್ರಗಾರಿಕೆಯ ಸೊಬಗಿಗೆ ಎಣೆಯಿಲ್ಲ. ಗಂಜೀಫಾ ರಘುಪತಿ ಭಟ್ಟರಂತಹವರು ನಮ್ಮ ಕಾಲದಲ್ಲಿ ಆ ಕಲೆಯನ್ನು ಉಳಿಸಿದ್ದಾರೆ. ಮೈಸೂರಿನ ರಾಮ್ಸನ್ಸ್ ಕಲಾಪ್ರತಿಷ್ಠಾನದವರು ಏರ್ಪಡಿಸುವ ಕ್ರೀಡಾಕೌಶಲ್ಯ ಪ್ರದರ್ಶನಗಳಲ್ಲಿ ಹಳೆಯ ಆಟಗಳ ಮಣೆಗಳೂ ಹಾಸುಗಳೂ ಹೊಸದಾಗಿ ಮೈದೋರಿವೆ. ಆದರೆ ಛದಗಳು ಅರಮನೆಯ ಹೊಸಲು ದಾಟಿ ಬೀದಿಗೆ ಬರಲಿಲ್ಲ. ಬೀದಿಯಲ್ಲಿ ಉಳಿದದ್ದು ಸೀಮೆಸುಣ್ಣದ ಚೌಕಾಬಾರ. ಡಂಜನ್ಸ್‌ನ ಮೂರೂವರೆಯನೆಯ ಆವೃತ್ತಿಯ ಹಣೆಯಬರಹವೂ ಬಹುಮಟ್ಟಿಗೆ ಇದೇ. ನಿಯಮಗಳು ಒಂದಕ್ಕೊಂದು ಹೆಣೆದುಕೊಂಡು, ಉಪಗ್ರಂಥಗಳು ಕಪಾಟು ತುಂಬಿ, ಪಾತ್ರವೊಂದನ್ನು ಸಿದ್ಧಪಡಿಸುವುದೇ ಒಂದು ಸಂಜೆಯ ಕೆಲಸವಾಯಿತು. ಅದರಲ್ಲಿಯೇ ಸುಖ ಕಾಣುವವರಿದ್ದಾರೆ, ಅಲ್ಲವೆನ್ನಲಾರೆ. ಲೆಕ್ಕಪತ್ರದ ಇಲಾಖೆಯಲ್ಲಿ ಜೀವ ಸವೆಸಿದ ನನಗೆ ಆ ಸುಖದ ಪರಿಚಯವುಂಟು. ವಿಜರ್ಡ್ಸ್ ಸಂಸ್ಥೆಯವರು 2008ರಲ್ಲಿ ಇದನ್ನೆಲ್ಲ ಗುಡಿಸಿ, ಪ್ರತಿಯೊಂದು ಪಾತ್ರಕ್ಕೂ 'ಯಾವಾಗ ಬೇಕಾದರೂ', 'ಕಾಳಗಕ್ಕೊಮ್ಮೆ', 'ದಿನಕ್ಕೊಮ್ಮೆ' ಎಂದು ಶಕ್ತಿಗಳನ್ನು ಸಮನಾಗಿ ಹಂಚಿ, ಕಾಳಗವನ್ನು ಚೌಕಗಳ ಹಾಸಿನ ಮೇಲೆ ಚದುರಂಗದಂತೆ ನಡೆಸುವ ನಾಲ್ಕನೆಯದನ್ನು ತಂದಾಗ, ಇದು ನಮ್ಮ ಆಟವೇ ಅಲ್ಲವೆಂದು ಹಳಬರು ಸಿಡಿದೆದ್ದರು. ಮೂರೂವರೆಯ ನಿಯಮಗಳನ್ನು ಬೇರೆಯವರೂ ಬಳಸಬಹುದೆಂಬ ಪರವಾನಗಿಯು ಮೊದಲೇ ಬಹಿರಂಗವಾಗಿದ್ದುದರಿಂದ, ಪೈಜೊ ಎಂಬ ಇನ್ನೊಂದು ಸಂಸ್ಥೆಯು ಅವನ್ನೇ ತಿದ್ದಿ 2009ರಲ್ಲಿ ಪಾತ್‌ಫೈಂಡರ್ ಎಂಬ ಹೆಸರಿನಲ್ಲಿ ಹೊರತಂದಿತು. ಹಳೆಯ ಮನೆ ಬಿಟ್ಟವರು ಅಲ್ಲಿಗೆ ಹೋಗಿ ನೆಲಸಿದರು. ನಾಲ್ಕನೆಯದಕ್ಕೆ ಆದದ್ದು ಅನ್ಯಾಯವೆಂದೇ ನಾನು ಹೇಳುತ್ತೇನೆ. ಅದು ಕೆಟ್ಟ ಆಟವಾಗಿರಲಿಲ್ಲ, ಬೇರೆಯ ಆಟವಾಗಿದ್ದಿತು.

ನಿಯಮ ಬದಲಾದರೆ ಆಟವೇ ಬದಲಾಗುವುದೆಂಬುದಕ್ಕೆ ಚದುರಂಗಕ್ಕಿಂತ ಸಾಕ್ಷಿ ಬೇಕೆ? ನಮ್ಮ ದೇಶೀಯ ಚದುರಂಗದಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ನಡೆಯುತ್ತಿದ್ದನು. ರಾಜನನ್ನು ಆನೆಯ ಮರೆಗೆ ಸರಿಸುವ ಯೂರೋಪಿನ ಕೋಟೆಕಟ್ಟುವಿಕೆ ಇರಲಿಲ್ಲ. ಆ ಕಟ್ಟಳೆಯಲ್ಲಿ ಪಳಗಿದ ಪಂಜಾಬಿನ ಮೀರ್ ಸುಲ್ತಾನ್ ಖಾನ್ ಇಂಗ್ಲೆಂಡಿಗೆ ಹೋಗಿ, 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದನು. ಆದರೂ ಆಟದ ಆರಂಭದ ನಡೆಗಳಲ್ಲಿ ಅವನ ಕೈ ತಡವರಿಸುತ್ತಿದ್ದಿತೆಂದು ಬಲ್ಲವರು ಹೇಳುತ್ತಾರೆ.

ಹಾಗಾದರೆ ಹೊಸದಾಗಿ ಆಡತೊಡಗುವವರು ಯಾವುದನ್ನು ಹಿಡಿಯಬೇಕು? ಮೊದಲು ನೋಡತಕ್ಕದ್ದು ಪುಸ್ತಕವನ್ನಲ್ಲ, ಮಧ್ಯಸ್ಥನ ಪೀಠದಲ್ಲಿ ಯಾರು ಕೂರುವರೆಂಬುದನ್ನು. ತೀರ್ಪು ಕೊಡಲು ಅಳುಕದವನೂ, ಕೊಟ್ಟ ತೀರ್ಪು ತಪ್ಪೆನಿಸಿದರೆ ನಕ್ಕು ತಿದ್ದಿಕೊಳ್ಳಬಲ್ಲವನೂ, ಅವನ ಮಾತನ್ನು ನಂಬುವ ಗೆಳೆಯರೂ ಇದ್ದರೆ, 64 ಪುಟದ ಬೇಸಿಕ್ ಸಾಕು. ಅದರ ನಿಯಮಗಳನ್ನು ಅನುಸರಿಸಿ ಇತ್ತೀಚಿನವರು ಬರೆದ ಅಗ್ಗದ ಪುಸ್ತಕಗಳೂ ಹಲವಿವೆ. ಮಧ್ಯಸ್ಥನೂ ಹೊಸಬ, ಆಟಗಾರರೂ ಹೊಸಬರಾದರೆ ಐದನೆಯದು ಲೇಸು. ಅದು ಪ್ರಶ್ನೆ ಎದ್ದಲ್ಲಿ ಉತ್ತರವನ್ನು ಕೈಗೆ ಕೊಡುತ್ತದೆ, ಮತ್ತು ಅನುಕೂಲ ಸಂದರ್ಭದಲ್ಲಿ ಎರಡು ದಾಳ ಉರುಳಿಸಿ ದೊಡ್ಡದನ್ನು, ಪ್ರತಿಕೂಲ ಸಂದರ್ಭದಲ್ಲಿ ಚಿಕ್ಕದನ್ನು ಹಿಡಿಯಬೇಕೆಂಬ ಅದರ ಒಂದು ಸೂತ್ರವೇ ಹಿಂದಿನ ಆವೃತ್ತಿಯ ಹತ್ತಾರು ಕೂಡುವಿಕೆ ಕಳೆಯುವಿಕೆಗಳನ್ನು ಮನೆಗೆ ಕಳುಹಿಸಿದೆ. ಲೆಕ್ಕದ ಚಪಲವಿರುವವರಿಗೆ ಮೂರೂವರೆ, ಇಲ್ಲವೆ ಪಾತ್‌ಫೈಂಡರ್; ಚದುರಂಗದ ಮನಸ್ಸಿನವರಿಗೆ ನಾಲ್ಕು. ಇನ್ನು 2014ಕ್ಕೂ 2024ಕ್ಕೂ ಇರುವ ಅಂತರವನ್ನು ಹುಡುಗರು ಬೆಳೆಸಿಕೊಂಡಷ್ಟು ನಾನು ಕಾಣೆ. ಹೊಸದರಲ್ಲಿ ಒಬ್ಬನ ಬಲಾಬಲವು ಅವನು ಹುಟ್ಟಿದ ಕುಲದಿಂದಲ್ಲದೆ ಅವನು ಬೆಳೆದು ಮಾಡಿದ ವೃತ್ತಿಯಿಂದ ಬರುತ್ತದೆ, ಇದು ನನಗೆ ಮೆಚ್ಚಿಕೆಯಾಯಿತು. ಯೋಧರಿಗೆ ಆಯುಧಕ್ಕೊಂದು ವಿಶೇಷ ಪಟ್ಟು ದೊರೆತಿದೆ. ಪುಸ್ತಕದ ಜೋಡಣೆ ಹೊಸಬರಿಗೆ ಸುಗಮವಾಗಿದೆ. ಆದರೆ ಹಳೆಯ ಪುಸ್ತಕ ಮನೆಯಲ್ಲಿರುವವರು ಸಾವಿರಾರು ರೂಪಾಯಿ ತೆತ್ತು ಇನ್ನೊಂದನ್ನು ತರಲೇಬೇಕೆಂಬ ಅಗತ್ಯವಿಲ್ಲ. ಹಣವನ್ನೇ ತೆರಲು ಮನಸ್ಸಿಲ್ಲದವರಿಗೂ ದಾರಿಯುಂಟು: 2023ರ ಜನವರಿಯಲ್ಲಿ ವಿಜರ್ಡ್ಸ್ ಸಂಸ್ಥೆಯವರು ಬಹಿರಂಗ ಪರವಾನಗಿಯನ್ನು ಬಿಗಿಮಾಡಹೊರಟು, ಆಡುವವರ ಕೋಪಕ್ಕೆ ಮಣಿದು, ಐದನೆಯದರ ಮೂಲನಿಯಮಗಳನ್ನು ಯಾರು ಬೇಕಾದರೂ ಬಳಸುವಂತೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಅವನ್ನು ಕನ್ನಡಕ್ಕೆ ತರುವ ಉತ್ಸಾಹಿಯೊಬ್ಬನಿದ್ದರೆ ತಡೆಯುವ ಕಾನೂನಿಲ್ಲ.

ಈಚೆಗೆ ಈ ಆಟದವರು ಒಂದು ಒಳ್ಳೆಯ ರೂಢಿಯನ್ನು ಬೆಳೆಸಿಕೊಂಡಿದ್ದಾರೆ: ಆಟಕ್ಕೆ ಮೊದಲು ಒಂದು ದಿನ ಬರಿದೆ ಕುಳಿತು, ಯಾವ ಪುಸ್ತಕ, ಯಾವ ವಿನಾಯಿತಿ, ಯಾವ ಮಾತು ಕೂಡದು ಎಂದು ಗೊತ್ತುಮಾಡಿಕೊಳ್ಳುವುದು. ಅದಕ್ಕೆ 'ಸೊನ್ನೆಯ ಕೂಟ' ಎಂಬರ್ಥದ ಹೆಸರಿಟ್ಟಿದ್ದಾರೆ. ಇದನ್ನು ಹುಡುಗನು ಮಹಾ ನವೀನವೆಂಬಂತೆ ನನಗೆ ವಿವರಿಸಿದಾಗ, ಜಗಲಿಯ ಹೆಂಗಸರ "ನಿಮ್ಮ ಕಡೆ ಹೇಗೆ" ಎಂಬ ಪ್ರಶ್ನೆಯನ್ನು ಅವನಿಗೆ ಹೇಳಿದೆನು. ನಮ್ಮೂರಿನ ಹೆಸರು ದೇಶದ ಪತ್ರಿಕೆಗಳಲ್ಲಿ ಬಂದದ್ದೂ ಇಂತಹ ಒಂದು ಕೂಟದಿಂದಲೇ ಅಲ್ಲವೆ? 1957ರ ಸೆಪ್ಟೆಂಬರ್ 21, 22ರಂದು ಗ್ರಾಮದಾನದ ವಿಚಾರವಾಗಿ ವಿನೋಬಾ, ರಾಜೇಂದ್ರಪ್ರಸಾದ್, ನೆಹರೂ, ಕಮ್ಯುನಿಸ್ಟರಾದ ನಂಬೂದಿರಿಪಾಡ್ ಇಲ್ಲಿಯೇ ಒಟ್ಟಿಗೆ ಕುಳಿತರು. ಭೂಮಿಯ ಕಟ್ಟಳೆಯಲ್ಲಿ ಬೇರೆ ಬೇರೆ ಆವೃತ್ತಿಯವರಾದ ಆ ಹಿರಿಯರು ಒಂದು ಸಮ್ಮತ ಹೇಳಿಕೆಯನ್ನು ಹೊರಡಿಸಿದರೆಂದ ಮೇಲೆ, ಐದು ಮಂದಿ ಹುಡುಗರು ಒಂದು ಪುಸ್ತಕಕ್ಕೆ ಒಪ್ಪಲಾರರೆ ಎಂದೆನು. "ತಾತ, ನೆಹರೂ ಮಾಂತ್ರಿಕನ ಪಾತ್ರ ಆಡ್ತಿರಲಿಲ್ಲವಲ್ಲ" ಎಂದು ಅವನು ನಕ್ಕನು.

ನಾವೂ ಆಡಿದೆವು. ಮಧ್ಯಸ್ಥನು ಅವನು, ಅವನ ತಂಗಿ ಮಾಂತ್ರಿಕಳು, ಪಕ್ಕದ ಮನೆಯ ಹುಡುಗ ಯೋಧ, ನಾನು ಪೂಜಾರಿ. ಪುಸ್ತಕ 2014ರದೇ ಎಂದು ಗೊತ್ತಾಯಿತು. ಬೀಗರ ಮನೆಯ ಕಟ್ಟಳೆಯಂತೆ 2024ರದರಿಂದ ಆಯುಧದ ಪಟ್ಟುಗಳನ್ನು ಮಾತ್ರ ಬರಮಾಡಿಕೊಂಡೆವು. ಸಂಜೆ ಐದರ ಹೊತ್ತಿಗೆ ಪಾಳುಗುಡಿಯ ಓಣಿಯಲ್ಲಿ, ಕಲ್ಲನ್ನು ಕೋಲಿನಿಂದ ಕುಟ್ಟದೆ ದಾಳವನ್ನೇ ನಂಬಿ ನಡೆದ ಫಲವಾಗಿ, ಈಟಿಯೊಂದು ನನ್ನ ಪಕ್ಕೆಗೆ ನಾಟಿ ಪ್ರಾಣಬಲವು ಸೊನ್ನೆಯಾಯಿತು; ಅಷ್ಟರಲ್ಲಿ ಕತ್ತಲಿಂದ ಎದ್ದು ಬಂದ ಅಸ್ಥಿಪಂಜರಗಳು ಉಳಿದಿಬ್ಬರನ್ನು ಓಣಿಯ ಆ ತುದಿಗೆ ಅಟ್ಟಿದುವು. 1974ರ ಪುಸ್ತಕವಾಗಿದ್ದರೆ ನಾನು ಎದ್ದುಹೋಗಿ ಕಾಫಿಗೆ ನೀರಿಡಬಹುದಾಗಿದ್ದಿತು. ಐದನೆಯದಾದ್ದರಿಂದ ದಾಳ ಉರುಳಿಸಿದೆನು: ಮೊದಲು 7, ಅನಂತರ 14, ಆಮೇಲೆ 3. ಎರಡು ಸೋಲು, ಒಂದು ಗೆಲುವು. ಅಷ್ಟು ಹೊತ್ತಿಗೆ, ಮೈಸೂರಿಗೆ ಹೋಗುವ ಬಸ್ಸು ತಪ್ಪುತ್ತದೆಂದು ನನ್ನ ತಂಗಿ ಒಳಗಿನಿಂದ ಕೂಗಿದಳು. ಹುಡುಗರು ಕಾಗದಗಳನ್ನು ಮಡಿಸಿ ಚೀಲಕ್ಕೆ ತುಂಬಿದರು. ದಸರೆಯ ರಜಕ್ಕೆ ಅವರು ಬರುವವರೆಗೂ ನಾನು ಆ ಓಣಿಯಲ್ಲಿಯೇ ಬಿದ್ದಿರಬೇಕಾಗಿದೆ.